ಒಂದು ರಸ್ತೆ, ಒಂದು ಸುದ್ದಿ: ಕಡತದಿಂದ ಕಾಪಿಯವರೆಗೆ

ಬೆಳಿಗ್ಗೆ ಹತ್ತಕ್ಕೆ ಬಂದ ಪ್ರೆಸ್‌ನೋಟ್ ಹತ್ತೂ ಐದಕ್ಕೆ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ, ಹತ್ತೂ ಆರಕ್ಕೆ ಬಡಾವಣೆ ನಿವಾಸಿಗಳ ಗುಂಪಿನಲ್ಲಿರುತ್ತದೆ. ಸಚಿವರು ಹೇಳಿದ್ದನ್ನು ಜನರಿಗೆ ಮುಟ್ಟಿಸಲು ಈಗ ಪತ್ರಕರ್ತರು ಬೇಕಿಲ್ಲ, ಸಚಿವರ ಫೋನೇ ಸಾಕು. ಅವರು ಹೇಳದೆ ಬಿಟ್ಟಿದ್ದನ್ನು ಕಡತದಿಂದ ತೆಗೆದು, ಅಳೆದು ನೋಡಿ, ಎದುರಿನವರನ್ನು ಕೇಳಿ ಬರೆಯುವ ಕೆಲಸ ಮಾತ್ರ ಹಾಗೇ ಉಳಿದಿದೆ. ವೃತ್ತಿಯಲ್ಲಿ ಏನೇ ಬದಲಾದರೂ ಕೂಲಿ ಸಿಗಬೇಕಾದ್ದು ಈ ಕೆಲಸಕ್ಕೆ.

ಬೆಂಗಳೂರಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. 2020ರ ಸೆಪ್ಟೆಂಬರ್ 10ಕ್ಕೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. ಕೌನ್ಸಿಲ್ ಇದ್ದ ಕಾಲದಲ್ಲಿ ಹಡ್ಸನ್ ವೃತ್ತದ ಸಭಾಂಗಣದಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರು ಬಿಲ್ಲಿನ ಪ್ರತಿ ಹಿಡಿದು ಎದ್ದು ನಿಂತರೆ ಸಾಕು, ವರದಿಗಾರರಿಗೆ ಅರ್ಧ ಸುದ್ದಿ ಕುಳಿತಲ್ಲಿಗೇ ಬರುತ್ತಿತ್ತು. ಆ ಬಾಗಿಲು ಮುಚ್ಚಿತು. ಸಭೆಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಕಾಗದದಲ್ಲಿ ಕೇಳಬೇಕು.

ಹೊಸದಾಗಿ ನಗರ ಬೀಟ್‌ಗೆ, ಅಂದರೆ ನಗರಾಡಳಿತದ ವರದಿಗಾರಿಕೆಗೆ, ಬಂದವರು, ಬಡಾವಣೆ ಮಟ್ಟದ ಸುದ್ದಿ ಚಾನೆಲ್ ನಡೆಸುವವರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಒಂದು ವಾರ್ಡ್ ರಸ್ತೆಯನ್ನು ಹಿಡಿದು ಮೊದಲಿಂದ ಕೊನೆವರೆಗೆ ಸುದ್ದಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ರಸ್ತೆಯ ಬದಲು ಚರಂಡಿ, ಪಾರ್ಕು, ಅಂಗನವಾಡಿ ಕಟ್ಟಡ ಹಿಡಿದರೂ ದಾರಿ ಇದೇ. ಎರಡೂವರೆ ತಿಂಗಳು ಕೈಯಲ್ಲಿಟ್ಟುಕೊಂಡು ಶುರು ಮಾಡಿ. ನಾಳೆಗೇ ಬೇಕು ಎನ್ನುವ ಸಂಪಾದಕರಿದ್ದರೆ ಪಕ್ಕದಲ್ಲಿ ಬೇರೆ ಸುದ್ದಿಗಳನ್ನು ಬರೆಯುತ್ತಾ ಇದನ್ನು ಹಿನ್ನೆಲೆಯಲ್ಲಿ ಓಡಿಸಿ.

ರಸ್ತೆ ಯಾರದು?

ಒಂದೇ ರಸ್ತೆ ಆರಿಸಿ. ಡಾಂಬರು ಹಾಕಿ ಆರು ತಿಂಗಳಿಂದ ಎರಡು ವರ್ಷವಾಗಿರುವ, 300ರಿಂದ 500 ಮೀಟರ್ ಉದ್ದದ ಅಡ್ಡರಸ್ತೆಯಾದರೆ ಒಳ್ಳೆಯದು. ಅದಕ್ಕಿಂತ ಹೊಸದಾದರೆ ಬಿಲ್ ಪಾವತಿ ಆಗಿರುವುದಿಲ್ಲ. ತುಂಬ ಹಳೆಯದಾದರೆ ಎಂಜಿನಿಯರ್ ವರ್ಗವಾಗಿರುತ್ತಾರೆ, ಕಡತ ರೆಕಾರ್ಡ್ ರೂಮಿನಲ್ಲಿ ಯಾವ ಮೂಟೆಯಡಿ ಇದೆಯೋ ಗೊತ್ತಾಗುವುದಿಲ್ಲ.

ಅನಂತರ ರಸ್ತೆ ಯಾರ ಸುಪರ್ದಿಯಲ್ಲಿದೆ ನೋಡಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ, ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಿವೆ. ಹೊಸೂರು ರಸ್ತೆ, ತುಮಕೂರು ರಸ್ತೆಯಂಥವುಗಳ ಹೆದ್ದಾರಿ ಭಾಗ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದೆ. ಪಾಲಿಕೆಗೆ ಹಸ್ತಾಂತರವಾಗದ ಬಡಾವಣೆಯ ರಸ್ತೆ ಇನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಯಲ್ಲೇ ಇರಬಹುದು. ಇದನ್ನು ನೋಡದೆ ಪಾಲಿಕೆಯ ಮೇಲೆ ಒಂದು ಪುಟ ಬರೆದು ಮರುದಿನ 'ಆ ರಸ್ತೆ ನಮ್ಮದಲ್ಲ' ಎಂಬ ಒಂದು ಸಾಲಿನ ಸ್ಪಷ್ಟನೆ ಹಾಕಿಕೊಳ್ಳುವುದು ಈ ಬೀಟ್‌ನ ಹಳೆಯ ಕಾಯಿಲೆ.

ವಾರ್ಡ್ ಸಂಖ್ಯೆಯಲ್ಲೂ ಎಡವುವುದುಂಟು. ಬಿಬಿಎಂಪಿ ಇದ್ದಾಗ 198 ವಾರ್ಡ್‌ಗಳಿದ್ದವು, ಐದು ಪಾಲಿಕೆಗಳಾದ ಮೇಲೆ ಒಟ್ಟು 369 ಆದವು. ನಿಮ್ಮ ರಸ್ತೆಯ ಟೆಂಡರ್ ಹಳೆಯ ಕಾಲದ್ದಾದರೆ ಕಡತದಲ್ಲಿ ಹಳೆಯ ವಾರ್ಡ್ ಸಂಖ್ಯೆಯೇ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಎರಡನ್ನೂ ಹಾಕಿ.

ಜಾಬ್ ನಂಬರ್

ಪಾಲಿಕೆಯ ಕಾಮಗಾರಿಗೆ ರಸ್ತೆಯ ಹೆಸರಿಗಿಂತ ಜಾಬ್ ನಂಬರ್, ಅಂದರೆ ಆ ಕಾಮಗಾರಿಯ ಗುರುತಿನ ಸಂಖ್ಯೆ, ಮುಖ್ಯ. ಬಿಬಿಎಂಪಿ ಕಾಲದ ನಂಬರ್‌ನಲ್ಲಿ ಸಾಮಾನ್ಯವಾಗಿ ವಾರ್ಡ್, ವರ್ಷ, ಕ್ರಮಸಂಖ್ಯೆ ಈ ಮೂರೂ ಇರುತ್ತವೆ: 045-19-000123 ಎಂಬಂತೆ. ಇದು ಸಿಕ್ಕರೆ ಎಸ್ಟಿಮೇಟು, ಟೆಂಡರು, ಬಿಲ್ಲು ಎಲ್ಲವೂ ಒಂದೇ ದಾರಕ್ಕೆ ಪೋಣಿಸಿದ ಹಾಗೆ ಬರುತ್ತವೆ. ಸಿಗದಿದ್ದರೆ 'ಸದರಿ ರಸ್ತೆಯ ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರ ಬರುತ್ತದೆ, ಆ ಉತ್ತರ ಸುಳ್ಳೂ ಆಗಿರುವುದಿಲ್ಲ.

ನಂಬರ್ ಹುಡುಕಲು ಮೂರು ಜಾಗಗಳಿವೆ. ಕಾಮಗಾರಿ ನಡೆದ ಕಡೆ ನಿಲ್ಲಿಸಿದ ಫಲಕ, ಅದು ಇನ್ನೂ ಉಳಿದಿದ್ದರೆ. ಪಾವತಿಯಾದ ಬಿಲ್‌ಗಳ ಪಟ್ಟಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದರೆ ಎಲ್ಲರೂ ಕೆಪಿಪಿಪಿ ಎನ್ನುವುದು. ಅದಕ್ಕಿಂತ ಹಿಂದಿನ ಟೆಂಡರ್‌ಗಳಾದರೆ ಹಳೆಯ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ನೋಡಬೇಕು. ಹುಡುಕುವಾಗ ಬಡಾವಣೆಯ ಹೆಸರಿನ ಕಾಗುಣಿತವನ್ನು ನಾಲ್ಕೈದು ಬಗೆಯಲ್ಲಿ ಬರೆದು ನೋಡಿ. ಟೆಂಡರ್ ಶೀರ್ಷಿಕೆ ಟೈಪ್ ಮಾಡಿದವರು ಬಸ್ಸಿನ ಬೋರ್ಡು ನೋಡಿ ಬರೆದಿರುವುದಿಲ್ಲ.

ಟೆಂಡರ್ ಪಟ್ಟಿಯಲ್ಲಿ ಕಾಮಗಾರಿ ಸಿಗಲೇ ಇಲ್ಲ ಎಂದಾದರೆ ಟೆಂಡರ್ ಕರೆಯದೆಯೇ ಕೆಲಸ ಕೊಟ್ಟಿರಬಹುದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ (ಕೆಟಿಪಿಪಿ) 4(ಜಿ) ಕಲಮಿನಲ್ಲಿ ಸರ್ಕಾರ ವಿನಾಯಿತಿ ಕೊಡಲು ಅವಕಾಶವಿದೆ. ಹಾಗೆ ಕೊಟ್ಟಿದ್ದರೆ ಅದಕ್ಕೊಂದು ಆದೇಶ ಇದ್ದೇ ಇರುತ್ತದೆ, ಅದನ್ನು ಕೇಳಿ. ವಿನಾಯಿತಿ ಕೊಟ್ಟದ್ದೇ ಅಕ್ರಮ ಎಂದು ಬರೆಯಬೇಡಿ. ಯಾವ ಕಾರಣಕ್ಕೆ ಕೊಟ್ಟರು ಎಂದು ಬರೆಯಿರಿ.

ಶೀರ್ಷಿಕೆಯನ್ನು ಪೂರ್ತಿ ಓದುವುದನ್ನು ಮರೆಯಬೇಡಿ. '7ನೇ ಅಡ್ಡರಸ್ತೆ ಮತ್ತು ಸುತ್ತಮುತ್ತಲಿನ ರಸ್ತೆಗಳ ಅಭಿವೃದ್ಧಿ' ಎಂದಿದ್ದರೆ ಆ ಮೊತ್ತ 7ನೇ ಅಡ್ಡರಸ್ತೆಯೊಂದರದ್ದಲ್ಲ. ಅಷ್ಟೂ ದುಡ್ಡನ್ನು ಒಂದೇ ರಸ್ತೆಯ ತಲೆಗೆ ಕಟ್ಟಿ 'ಮೀಟರ್‌ಗೆ ಇಷ್ಟು ಸಾವಿರ!' ಎಂದು ಶೀರ್ಷಿಕೆ ಕೊಟ್ಟು ಆಮೇಲೆ ಕ್ಷಮೆ ಕೇಳಿದವರಿದ್ದಾರೆ.

ಅರ್ಜಿ

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ಪತ್ರಕರ್ತರೇ ಆಗಬೇಕಿಲ್ಲ, ಕಾರಣವನ್ನೂ ಹೇಳಬೇಕಿಲ್ಲ. ಶುಲ್ಕ 10 ರೂಪಾಯಿ. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೆ ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎಷ್ಟೋ ಅರ್ಜಿಗಳು ಮಾಹಿತಿ ಇಲ್ಲದ್ದಕ್ಕೆ ಬೀಳುವುದಿಲ್ಲ, ಇಲ್ಲಿ ಎಡವಿ ಬೀಳುತ್ತವೆ. ಮೂರು ರಸ್ತೆ ಬೇಕಾದರೆ ಮೂರು ಅರ್ಜಿ ಹಾಕಿ.

'ಕಾಮಗಾರಿ ಏಕೆ ಕಳಪೆಯಾಗಿದೆ?' ಎಂದು ಕೇಳಿದರೆ ಅದು ಕಾಯ್ದೆಯ ಅರ್ಥದಲ್ಲಿ ಮಾಹಿತಿಯಲ್ಲ, ಪ್ರಶ್ನೆ. ನಿರಾಕರಣೆಯ ಹಿಂಬರಹ ಗ್ಯಾರಂಟಿ. ಕಡತದಲ್ಲಿ ಇರಲೇಬೇಕಾದ ಕಾಗದಗಳನ್ನು ಹೆಸರಿಟ್ಟು ಕೇಳಬೇಕು. ಹೀಗೆ:

'ತಮ್ಮ ವಿಭಾಗದ ವ್ಯಾಪ್ತಿಯ ಜಾಬ್ ನಂ. ________ ಕಾಮಗಾರಿಗೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಿ. 1. ಮಂಜೂರಾದ ಅಂದಾಜುಪಟ್ಟಿ. 2. ಕಾರ್ಯಾದೇಶ ಮತ್ತು ಗುತ್ತಿಗೆ ಒಪ್ಪಂದ. 3. ಅಳತೆ ಪುಸ್ತಕದ ಸಂಬಂಧಿತ ಪುಟಗಳು. 4. ಗುಣಮಟ್ಟ ಪರೀಕ್ಷಾ ವರದಿಗಳು. 5. ಡಾಂಬರು ಮಿಶ್ರಣ ಪೂರೈಕೆಯ ಚಲನ್ ಹಾಗೂ ತೂಕದ ಚೀಟಿಗಳು. 6. ಪಾವತಿಸಿದ ಬಿಲ್‌ಗಳು ಮತ್ತು ಪೂರ್ಣಗೊಂಡ ಪ್ರಮಾಣಪತ್ರ. ಪ್ರತಿ ಪಡೆಯುವ ಮುನ್ನ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ.'

ಕೊನೆಯ ಸಾಲನ್ನು ಬಿಡಬೇಡಿ. ಕಡತ ಪರಿಶೀಲನೆಯೂ ಕಾಯ್ದೆ ಕೊಟ್ಟ ಹಕ್ಕು. ಪ್ರತಿಗೆ ಪುಟಕ್ಕೆ 2 ರೂಪಾಯಿ ಕೊಟ್ಟು ನೂರು ಪುಟ ತರುವುದಕ್ಕಿಂತ ಮೊದಲು ಕಚೇರಿಯಲ್ಲಿ ಕುಳಿತು ಕಡತ ತಿರುವಿ, ಬೇಕಾದ ಹದಿನೈದು ಪುಟಕ್ಕೆ ಚೀಟಿ ಇಡುವುದು ಜಾಣತನ. ಅದಕ್ಕಿಂತ ದೊಡ್ಡ ಲಾಭ ಟಿಪ್ಪಣಿ ಹಾಳೆಗಳದು. ಸಹಾಯಕ ಎಂಜಿನಿಯರ್ (ಎಇ) ಬರೆದದ್ದೇನು, ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ತಿದ್ದಿದ್ದೇನು, ಕಾರ್ಯಪಾಲಕ ಎಂಜಿನಿಯರ್ (ಇಇ) ಸಹಿ ಹಾಕಿದ್ದು ಯಾವ ದಿನ ಎಂಬುದೆಲ್ಲ ಅಲ್ಲಿರುತ್ತದೆ. ಕೇಳಬೇಕೆಂದೇ ನಿಮಗೆ ಗೊತ್ತಿರದ ಕಾಗದವೂ ಅಲ್ಲೇ ಕಣ್ಣಿಗೆ ಬೀಳುತ್ತದೆ.

ತಾರೀಖುಗಳನ್ನು ಡೈರಿಯಲ್ಲಿ ಬರೆದಿಡಿ. ಉತ್ತರಕ್ಕೆ 30 ದಿನ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 6(3)ರಡಿ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು. ಉತ್ತರ ಬರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದರ ತೀರ್ಮಾನಕ್ಕೆ 30, ಹೆಚ್ಚೆಂದರೆ 45 ದಿನ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ಬಹಳ ಕಾಲ ಹಿಡಿಯುತ್ತದೆ, ಆದ್ದರಿಂದ ಮೊದಲ ಮೇಲ್ಮನವಿಯಲ್ಲೇ ಕೆಲಸ ಮುಗಿಸುವಂತೆ ಬರೆಯಿರಿ. ಅವಧಿ ಮೀರಿ ಕೊಟ್ಟರೆ 7(6)ರಡಿ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಒಂದು ಎಚ್ಚರ: ಪ್ರತಿ ಶುಲ್ಕ ಕಟ್ಟಿ ಎಂದು ಅವರು ಪತ್ರ ಕಳಿಸಿದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಕಾಲ ಆ 30 ದಿನದ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಬಂದ ದಿನವೇ ಕಟ್ಟಿ.

ಬರುವ ನಿರಾಕರಣೆಗಳು ಬಹುತೇಕ ಒಂದೇ ಅಚ್ಚಿನವು. 'ಮಾಹಿತಿ ಬೃಹತ್ ಪ್ರಮಾಣದಲ್ಲಿದೆ' ಎಂದರೆ 7(9) ತೋರಿಸುತ್ತಿದ್ದಾರೆ ಎಂದರ್ಥ. ಆ ಕಲಮು ಮಾಹಿತಿ ಕೊಡುವ ರೂಪ ಬದಲಿಸಲು ಅವಕಾಶ ಕೊಡುತ್ತದೆ, ಕೊಡದೇ ಇರಲು ಕೊಡುವುದಿಲ್ಲ. ಹಾಗಾದರೆ ಪರಿಶೀಲನೆಗೆ ಬರುತ್ತೇನೆ ಎಂದು ಬರೆಯಿರಿ. 'ಮೂರನೇ ವ್ಯಕ್ತಿಯ ಮಾಹಿತಿ' ಎಂದರೆ ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳುವ ವಿಧಾನ 11ನೇ ಕಲಮಿನಲ್ಲಿದೆ. ಅದನ್ನು ಮಾಡಿದಿರಾ ಎಂದು ಮೇಲ್ಮನವಿಯಲ್ಲಿ ಕೇಳಿ. 'ವೈಯಕ್ತಿಕ ಮಾಹಿತಿ' ಎಂಬ ಉತ್ತರ ಈಗೀಗ ಗಟ್ಟಿಯಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಮು ಆರ್‌ಟಿಐನ 8(1)(ಜೆ)ಯನ್ನೇ ಮೊಟಕು ಮಾಡಿ, ಅದರೊಳಗಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದುಹಾಕಿದೆ. ಆದರೆ 8(2) ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಆ ಕಲಮನ್ನು ಹೆಸರಿಸಿ, ತೆರಿಗೆ ಹಣದ ಕಾಮಗಾರಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಎರಡು ಸಾಲು ಬರೆಯಿರಿ. ಬರೀ 'ಸಾರ್ವಜನಿಕ ಹಿತಾಸಕ್ತಿಯಿಂದ' ಎಂದು ಬರೆದರೆ ಯಾರೂ ಓದುವುದಿಲ್ಲ.

ಟೇಪು ಹಿಡಿದು ರಸ್ತೆಗಿಳಿದಾಗ

ಎಸ್ಟಿಮೇಟಿನಲ್ಲಿ ಇಷ್ಟು ಹಾಕಬೇಕು ಎಂದಿರುತ್ತದೆ. ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ, ಇಷ್ಟು ಹಾಕಿದ್ದೇವೆ ಎಂದಿರುತ್ತದೆ. ಬಿಲ್ ಪಾವತಿಯಾಗುವುದು ಎಂಬಿ ನೋಡಿ. ಆದ್ದರಿಂದ ನೀವು ಹೋಲಿಸಬೇಕಾದ್ದು ರಸ್ತೆಯನ್ನೂ ಎಂಬಿಯನ್ನೂ. ಎಸ್ಟಿಮೇಟಿನ ಮೊತ್ತ ಹಿಡಿದು 'ಇಷ್ಟು ಖರ್ಚಾಗಿದೆ' ಎಂದು ಬರೆದವರು ಖರ್ಚೇ ಆಗದ ದುಡ್ಡಿನ ಸುದ್ದಿ ಬರೆದಂತಾಯಿತು. ಎಸ್ಟಿಮೇಟ್, ಟೆಂಡರ್, ಬಿಲ್ ಮೂರೂ ಬೇರೆ ಬೇರೆ ಮೊತ್ತಗಳು. ಪ್ರತಿಯೊಂದರ ಮುಂದೆ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದೂ ಗುರುತು ಹಾಕಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ, ಗಾಡಿ ಕಡಿಮೆ. ಮೂವರು ಬೇಕು: ಟೇಪಿನ ಎರಡು ತುದಿಗೆ ಇಬ್ಬರು, ಬರೆದುಕೊಳ್ಳಲು ಮತ್ತು ಬರುವ ಆಟೊ ನೋಡಿಕೊಳ್ಳಲು ಒಬ್ಬರು. 30 ಮೀಟರ್‌ನ ಟೇಪು ಸಾಕು. ಎಂಬಿಯಲ್ಲಿ ರಸ್ತೆಯನ್ನು ಚೈನೇಜ್, ಅಂದರೆ ಶುರುವಿನ ಬಿಂದುವಿನಿಂದ ಇರುವ ದೂರದ, ಲೆಕ್ಕದಲ್ಲಿ ತುಂಡು ಮಾಡಿ ಬರೆದಿರುತ್ತಾರೆ. ನಿಮ್ಮ ಅಳತೆಯೂ ಅದೇ ಬಿಂದುವಿನಿಂದ ಶುರುವಾಗಿ ಅದೇ ದಿಕ್ಕಿನಲ್ಲಿ ಸಾಗಬೇಕು. 400 ಮೀಟರ್ ರಸ್ತೆಯಾದರೆ 0, 30, 60 ಎನ್ನುತ್ತಾ 390ರವರೆಗೆ 14 ಕಡೆ ಅಗಲ ಅಳೆಯಿರಿ. ಚರಂಡಿಯಿಂದ ಚರಂಡಿಗೆ ಅಳೆಯಬೇಡಿ, ಡಾಂಬರಿನ ಅಂಚಿಂದ ಅಂಚಿಗೆ ಅಳೆಯಿರಿ. ಪ್ರತಿ ಅಳತೆಯಲ್ಲೂ ಟೇಪಿನ ಅಂಕಿ ಮತ್ತು ಹಿಂದಿನ ಮನೆ ಅಥವಾ ಕಂಬ ಎರಡೂ ಕಾಣುವ ಹಾಗೆ ಫೋಟೊ ತೆಗೆಯಿರಿ. ತಿರುವು, ಕೂಡುರಸ್ತೆಗಳಲ್ಲಿ ಅಗಲ ಹೆಚ್ಚಿರುತ್ತದೆ, ಅದನ್ನು ಬೇರೆಯಾಗಿ ಬರೆದುಕೊಳ್ಳಿ.

ಈಗ ಲೆಕ್ಕ. ಎಂಬಿಯಲ್ಲಿ 400 ಮೀಟರ್ ಉದ್ದ, 6 ಮೀಟರ್ ಅಗಲ, 40 ಮಿ.ಮೀ. ದಪ್ಪದ ಮೇಲ್ಪದರ ಇದೆ ಎನ್ನೋಣ. ವಿಸ್ತೀರ್ಣ 2,400 ಚದರ ಮೀಟರ್, ಘನ ಅಳತೆ 96 ಘನ ಮೀಟರ್. ಒತ್ತಿ ಕೂತ ಡಾಂಬರು ಮಿಶ್ರಣ ಘನ ಮೀಟರ್‌ಗೆ ಸುಮಾರು 2.4 ಟನ್ ತೂಗುತ್ತದೆ. ಅಲ್ಲಿಗೆ 230 ಟನ್. ಟಿಪ್ಪರ್‌ಗೆ 16 ಟನ್ ಹಿಡಿದರೆ 14ರಿಂದ 15 ಲೋಡು. ತೂಕದ ಚೀಟಿಗಳು ಕಡತದಲ್ಲಿ ಒಂಬತ್ತೇ ಇದ್ದರೆ ಅಷ್ಟು ಮಿಶ್ರಣಕ್ಕೆ 25 ಮಿ.ಮೀ. ದಪ್ಪವಷ್ಟೇ ಬಂದೀತು. ನಿಮ್ಮ ಟೇಪಿಗೆ ಸರಾಸರಿ ಅಗಲ 5.4 ಮೀಟರ್ ಸಿಕ್ಕರೆ ವಿಸ್ತೀರ್ಣ 2,160 ಚದರ ಮೀಟರ್, ಅಂದರೆ ನೂರಕ್ಕೆ ಹತ್ತು ಕಡಿಮೆ.

ಇಲ್ಲಿ ತಡೆಯಿರಿ. ಚೀಟಿ ಒಂಬತ್ತೇ ಸಿಕ್ಕಿದೆ ಎಂದರೆ ಲೋಡು ಒಂಬತ್ತೇ ಬಂದಿದೆ ಎಂದಲ್ಲ, ಉಳಿದವು ಬೇರೆ ಕಡತದಲ್ಲಿರಬಹುದು. ದಪ್ಪದ ವಿಷಯ ಇನ್ನೂ ಸೂಕ್ಷ್ಮ. ನೀರಿನ ಪೈಪಿಗೋ ಕೇಬಲ್ಲಿಗೋ ರಸ್ತೆ ಕತ್ತರಿಸಿದ ಕಡೆ ಅಂಚಿನಲ್ಲಿ ಸ್ಕೇಲ್ ಹಿಡಿದು ಪದರ ನೋಡಬಹುದು. ಆದರೆ ಹಳೆಯ ಡಾಂಬರು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂಬುದು ಬರಿಗಣ್ಣಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೊರೆದು ತೆಗೆದ ಮಾದರಿಯ ವರದಿ, ಅಂದರೆ ಕೋರ್ ಟೆಸ್ಟ್, ಮಾತ್ರ ಪುರಾವೆ. ಕಾಯ್ದೆಯ 2(ಜೆ) ಪ್ರಕಾರ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕೂ ಇದೆ. ಬಹಳ ಮಂದಿಗೆ ಇದು ಗೊತ್ತಿಲ್ಲ, ಕೇಳಿದಾಗ ಕಚೇರಿಯವರೇ ಬೆಚ್ಚುತ್ತಾರೆ. ನೀವೇ ಹಾರೆ ಹಿಡಿದು ರಸ್ತೆ ಅಗೆಯಬೇಡಿ. ಕೇಸು ನಿಮ್ಮ ಮೇಲೆ ಬೀಳುತ್ತದೆ, ಸುದ್ದಿ ಗುತ್ತಿಗೆದಾರರ ಕಡೆ ವಾಲುತ್ತದೆ.

ಫೋಟೊ, ಪಿಡಿಎಫ್, ಮತ್ತು ೬–೯

ಓದುಗರು ಕಳಿಸಿದ ಗುಂಡಿಯ ಫೋಟೊವನ್ನು ಹಾಗೇ ಹಾಕಬೇಡಿ. ಗೂಗಲ್ ಲೆನ್ಸ್‌ನಲ್ಲಿ ಹಿಮ್ಮುಖ ಹುಡುಕಾಟ ಮಾಡಿ. ಮಳೆಗಾಲ ಬಂದರೆ ಸಾಕು, 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದ ಚಿತ್ರಗಳು 'ಇವತ್ತಿನ ಬೆಂಗಳೂರು' ಎಂದು ಮತ್ತೆ ಹುಟ್ಟುತ್ತವೆ. ಅಂಗಡಿ ಬೋರ್ಡು, ಗಾಡಿಯ ನಂಬರ್, ನೆರಳಿನ ದಿಕ್ಕು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ತೆಗೆದ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿ.

ಮಳೆಯಿಂದ ರಸ್ತೆ ಕಿತ್ತುಹೋಯಿತು ಎಂದು ಅಧಿಕಾರಿ ಹೇಳಿದರೆ ಎಷ್ಟು ಮಳೆ ಎಂದು ನೋಡಿ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆದ್ದರಿಂದ 'ನಿನ್ನೆಯ ಮಳೆ' ಯಾವ 24 ಗಂಟೆಯದು ಎಂದು ಸ್ಪಷ್ಟಪಡಿಸಿಕೊಳ್ಳಿ. ಇಲಾಖೆಯ ಭಾಷೆಯಲ್ಲಿ 'ಭಾರಿ ಮಳೆ' 64.5 ಮಿ.ಮೀ.ನಿಂದ ಶುರು. 20 ಮಿ.ಮೀ.ಗೆ ಭಾರಿ ಎನ್ನುವುದು ಸುದ್ದಿ ತಿದ್ದುವ ನಮ್ಮ ಡೆಸ್ಕುಗಳ ಧಾರಾಳತನ. ನಗರದ ವೀಕ್ಷಣಾಲಯ, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ ಮೂರೂ ಕಡೆ ಬೇರೆ ಅಂಕಿ ಬರುತ್ತದೆ. ನಿಮ್ಮ ರಸ್ತೆಗೆ ಹತ್ತಿರದ ಮಳೆಮಾಪಕದ ಅಂಕಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಕೇಳಿ ಪಡೆಯಿರಿ.

ಹಳೆಯ ಸರ್ಕಾರಿ ಪಿಡಿಎಫ್‌ಗಳು ಯುನಿಕೋಡ್ ಬರುವ ಮುಂಚಿನ ನುಡಿ ಫಾಂಟ್‌ನಲ್ಲಿರುತ್ತವೆ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿದರೂ ಅರ್ಕಾವತ್ತು, ಒತ್ತಕ್ಷರ ಜಾರುತ್ತವೆ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರದಿಂದ ಓದಿಸಿದರೆ ಕನ್ನಡ ಅಂಕಿ ೬ ಮತ್ತು ೯ ಅದಲುಬದಲಾಗಬಹುದು. 6 ಮೀಟರ್ ರಸ್ತೆ 9 ಮೀಟರ್ ಆದರೆ ನಿಮ್ಮ ಇಡೀ ಸುದ್ದಿಯೇ ತಲೆಕೆಳಗು. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಇನ್ನೂರು ಪುಟ ಕೊಟ್ಟು 'ಸಾರಾಂಶ ಹೇಳು' ಎಂದರೆ ಚೆಂದದ ಸಾರಾಂಶ ಬರುತ್ತದೆ. ಯಾವ ಪುಟ ಮೊದಲು ತೆರೆಯಬೇಕು ಎಂದು ತಿಳಿಯಲು ಅದನ್ನು ಬಳಸಿ, ಅಂಕಿಯನ್ನು ಮಾತ್ರ ಮೂಲ ಪುಟದಿಂದ ಕಣ್ಣಾರೆ ನೋಡಿ ಕೈಯಾರೆ ಬರೆದುಕೊಳ್ಳಿ.

ವೆಬ್‌ಸೈಟಿನ ಪುಟ ನಾಳೆ ಇರದೇ ಹೋಗಬಹುದು. ವೆಬ್ ಪುಟಗಳ ಪ್ರತಿಯನ್ನು ಕಾಪಿಡುವ ವೇಬ್ಯಾಕ್ ಮೆಷಿನ್ ತಾಣದಲ್ಲಿ ಉಳಿಸಿ. ಮೂಲ ಫೈಲುಗಳನ್ನು ತಿದ್ದದೆ ಎರಡು ಕಡೆ ಇಟ್ಟು, ಪಡೆದ ದಿನವೇ ಅವುಗಳ ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು, ಬರೆದಿಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ನ್ಯಾಯಾಲಯಕ್ಕೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಅದನ್ನು ಕೇಳುತ್ತಾರೆ.

ಎದುರಿನವರ ಮಾತು

ಪ್ರಕಟಣೆಗೆ ಒಂದು ಗಂಟೆ ಮುಂಚೆ ಫೋನ್ ಮಾಡಿ, ಎತ್ತದಿದ್ದರೆ 'ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆಯುವುದು ಮೋಸ. ಎಇ, ಇಇ, ಗುತ್ತಿಗೆದಾರರು ಮೂವರಿಗೂ ಬರವಣಿಗೆಯಲ್ಲಿ ಕೇಳಿ, ಕನಿಷ್ಠ 48 ಗಂಟೆ ಕೊಡಿ. ನಾಲ್ಕೈದು ಪ್ರಶ್ನೆ ಸಾಕು, ಪ್ರತಿ ಪ್ರಶ್ನೆಯಲ್ಲೂ ದಾಖಲೆಯ ಪುಟ ಸಂಖ್ಯೆ ಇರಲಿ: 'ಎಂಬಿ ಪುಟ 14ರಲ್ಲಿ ಅಗಲ 6 ಮೀಟರ್ ಎಂದಿದೆ. ಇಂಥ ದಿನ ನಾವು 14 ಕಡೆ ಅಳೆದಾಗ ಸರಾಸರಿ 5.4 ಸಿಕ್ಕಿತು. ಈ ವ್ಯತ್ಯಾಸಕ್ಕೆ ಕಾರಣವೇನು?' ಹೀಗೆ ಕೇಳಿದರೆ ಎರಡರಲ್ಲೊಂದು ಆಗುತ್ತದೆ. ನಿಮ್ಮ ತಪ್ಪು ಅಚ್ಚಾಗುವ ಮುಂಚೆಯೇ ಗೊತ್ತಾಗುತ್ತದೆ, ಇಲ್ಲವೆ ಅವರ ಹತ್ತಿರ ಉತ್ತರವಿಲ್ಲ ಎಂದು ಗೊತ್ತಾಗುತ್ತದೆ. ಬಂದ ಉತ್ತರವನ್ನು ಕೊನೆಯ ಪ್ಯಾರಾದಲ್ಲಿ ಹೂಳಬೇಡಿ. ಯಾವ ಆಕ್ಷೇಪಕ್ಕೆ ಉತ್ತರವೋ ಅದರ ಪಕ್ಕದಲ್ಲೇ ಇಡಿ.

ಒಳಗಿನವರು ಯಾರಾದರೂ ಕಾಗದ ಕೊಟ್ಟಿದ್ದರೆ ಅದರ ಫೋಟೊವನ್ನು ನೇರ ಪ್ರಕಟಿಸಬೇಡಿ. ಅಂಚಿನ ಕೈಬರಹ, ಇನ್‌ವರ್ಡ್ ಸಂಖ್ಯೆ, ಮಡಿಕೆಯ ಗುರುತು ನೋಡಿಯೇ ಕಚೇರಿಯವರು ಕೊಟ್ಟವರನ್ನು ಕಂಡುಹಿಡಿಯುತ್ತಾರೆ. ಅದೇ ಕಾಗದವನ್ನು ಆರ್‌ಟಿಐನಲ್ಲಿ ಕೇಳಿ ಪಡೆದು ಆ ಪ್ರತಿಯನ್ನು ಬಳಸುವುದು ಕ್ಷೇಮ. ಮೂಲವನ್ನು ಬಿಟ್ಟುಕೊಡದಿರಲು 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ರಕ್ಷಣೆ ಕೊಡುತ್ತದೆ, ಆದರೆ ಅದು ಕೌನ್ಸಿಲ್ ಮುಂದೆ ಮಾತ್ರ. ನ್ಯಾಯಾಲಯ ಕೇಳಿದರೆ ಆ ಕಲಮು ಕೈಹಿಡಿಯುವುದಿಲ್ಲ. ಮಾತು ಕೊಡುವ ಮುಂಚೆ ಇದನ್ನು ಮೂಲದವರಿಗೂ ಹೇಳಿ.

ಸುದ್ದಿ ಹಾಕದಿರಲು ಕವರ್ ಬಂದರೆ ಸಾಕ್ಷಿ ಇಟ್ಟುಕೊಂಡು ವಾಪಸ್ ಕಳಿಸಿ. ಸುದ್ದಿ ಹಾಕುತ್ತೇನೆ ಎಂದು ಹೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ರಡಿ ಸುಲಿಗೆ. ಮೈಕಿಗೆ ಲೋಗೊ ಹಚ್ಚಿಕೊಂಡು ಈ ದಂಧೆ ನಡೆಸುವವರಿಂದಾಗಿಯೇ ನಿಜವಾದ ವರದಿಗಾರರಿಗೂ ಎಂಜಿನಿಯರ್ ಕಚೇರಿಯಲ್ಲಿ ಕುರ್ಚಿ ಸಿಗುವುದು ಕಷ್ಟವಾಗಿದೆ.

ಕಾಪಿ

ನಮ್ಮ ಪತ್ರಿಕಾ ಕನ್ನಡಕ್ಕೊಂದು ಚಟವಿದೆ: 'ಎನ್ನಲಾಗಿದೆ', 'ಕೇಳಿಬಂದಿದೆ', 'ಶಂಕೆ ವ್ಯಕ್ತವಾಗಿದೆ'. ಯಾರು ಎಂದರು, ಯಾರಿಗೆ ಕೇಳಿಸಿತು, ಯಾರ ಶಂಕೆ? ಕರ್ತೃವನ್ನು ಮರೆಮಾಡುವ ಈ ಕ್ರಿಯಾಪದಗಳು ಬರೆಯುವವರಿಗೆ ಕ್ಷೇಮವೆನಿಸುತ್ತವೆ. ಕಾನೂನಿನಲ್ಲಿ ಆ ಕ್ಷೇಮವಿಲ್ಲ, ಇನ್ನೊಬ್ಬರು ಹೇಳಿದ್ದನ್ನು ಅಚ್ಚು ಹಾಕಿದರೂ ಹೊಣೆ ನಿಮ್ಮದೇ. ಈ ಸಾಲನ್ನು ನೋಡಿ:

'ರಸ್ತೆ ಕಾಮಗಾರಿಯಲ್ಲಿ ಭಾರಿ ಅಕ್ರಮ ನಡೆದಿದ್ದು, ಲಕ್ಷಾಂತರ ರೂಪಾಯಿ ಗುಳುಂ ಮಾಡಲಾಗಿದೆ ಎಂಬ ಆರೋಪ ಕೇಳಿಬಂದಿದೆ.'

ಇದರಲ್ಲಿ ಸಾಬೀತು ಮಾಡಬಲ್ಲ ಒಂದೇ ಒಂದು ಪದವಿಲ್ಲ, ಕೇಸು ಹಾಕಲು ಮಾತ್ರ ಬೇಕಾದಷ್ಟಿವೆ. ಹೀಗೆ ಬರೆದರೆ?

'ಈ ರಸ್ತೆಗೆ 6 ಮೀಟರ್ ಅಗಲಕ್ಕೆ ಡಾಂಬರು ಹಾಕಿದ್ದಾಗಿ ಪಾಲಿಕೆಯ ಅಳತೆ ಪುಸ್ತಕ ಹೇಳುತ್ತದೆ. ಸ್ಥಳದಲ್ಲಿ 14 ಕಡೆ ಅಳೆದಾಗ ಸಿಕ್ಕ ಸರಾಸರಿ 5.4 ಮೀಟರ್. ಬಿಲ್ ಪಾವತಿಯಾಗಿರುವುದು 6 ಮೀಟರ್ ಲೆಕ್ಕಕ್ಕೆ.'

'ಕಳಪೆ', 'ಅಕ್ರಮ', 'ಹಗರಣ' ಮೂರೂ ತೀರ್ಪುಗಳು, ಅಳತೆಯಲ್ಲ. ಅವನ್ನು ತೆಗೆದರೆ ಸುದ್ದಿ ಸಪ್ಪೆಯಾಗುತ್ತದೆ ಎನ್ನಿಸಿದರೆ ನಿಮ್ಮ ಕೈಯಲ್ಲಿ ಸುದ್ದಿ ಇನ್ನೂ ಪೂರ್ತಿ ಬಂದಿಲ್ಲ ಎಂದರ್ಥ. ಆರೋಪ ಹೊತ್ತವರನ್ನು ಏಕವಚನದಲ್ಲಿ ಬರೆಯುವ ಅಭ್ಯಾಸವನ್ನೂ ಬಿಡಿ. ಎಫ್‌ಐಆರ್ ಆದೊಡನೆ 'ಅವರು' 'ಅವನು' ಆಗಿಬಿಡುವುದು ನ್ಯಾಯಾಲಯಕ್ಕಿಂತ ಮೊದಲು ವ್ಯಾಕರಣ ಕೊಡುವ ಶಿಕ್ಷೆ.

ಕಾಪಿ, ಅಂದರೆ ಸುದ್ದಿಯ ಬರಹ, ಮುಗಿದ ಮೇಲೆ ಅದರ ಪ್ರಿಂಟ್ ತೆಗೆದು, ಪ್ರತಿ ವಾಕ್ಯದ ಪಕ್ಕ ಅಂಚಿನಲ್ಲಿ ದಾಖಲೆಯ ಸಂಖ್ಯೆ ಬರೆಯಿರಿ: ಎಂಬಿ-14, ಫೋಟೊ-6, ಇಇ ಉತ್ತರ-2. ಸಂಖ್ಯೆ ಸಿಗದ ವಾಕ್ಯಕ್ಕೆ ಕೆಂಪು ಗೆರೆ. ಕೆಂಪು ಗೆರೆಯ ವಾಕ್ಯಕ್ಕೆ ಆಧಾರ ಹುಡುಕಿ, ಇಲ್ಲ ಹೊಡೆದುಹಾಕಿ. ಸಾವಿರ ಪದದ ಕಾಪಿಗೆ ಎರಡು ಗಂಟೆ ಹಿಡಿಯುತ್ತದೆ. ಆಮೇಲೆ ಶೀರ್ಷಿಕೆಗೂ ಇದೇ ಮಾಡಿ, ಎಷ್ಟೋ ಕೇಸುಗಳು ಒಳಗಿನ ಸಾಲಿಗಲ್ಲ, ಡೆಸ್ಕಿನಲ್ಲಿ ಕೊಟ್ಟ ಶೀರ್ಷಿಕೆಗೆ ಬೀಳುತ್ತವೆ. ದಾಖಲೆ ಪ್ರಕಟಿಸುವಾಗ ಆಧಾರ್, ಫೋನ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮುಚ್ಚಿ. ಮುಚ್ಚುವುದು ಎಂದರೆ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆಯುವುದಲ್ಲ, ಅದನ್ನು ಸರಿಸಿ ಓದಬಹುದು. ಪಟ್ಟಿ ಎಳೆದ ಪುಟವನ್ನು ಚಿತ್ರವಾಗಿ ಉಳಿಸಿ ಅದನ್ನು ಹಾಕಿ.

ನೋಟಿಸ್ ಬಂದರೆ

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಕ್ರಿಮಿನಲ್ ಕೇಸಿನಲ್ಲಿ ಬರೆದದ್ದು ನಿಜ ಎಂದಷ್ಟೇ ತೋರಿಸಿದರೆ ಸಾಲದು, ಸಾರ್ವಜನಿಕ ಒಳಿತಿಗೆ ಬರೆದದ್ದು ಎಂದೂ ತೋರಿಸಬೇಕು. 14 ಅಳತೆಯ ಹಾಳೆ, ಹಾಕಿದ ಪ್ರಶ್ನೆಗಳ ಪ್ರತಿ, ಅಂಚಿನಲ್ಲಿ ಸಂಖ್ಯೆ ಬರೆದ ಕಾಪಿ ಇಲ್ಲಿ ಕೆಲಸಕ್ಕೆ ಬರುತ್ತವೆ. ಸಾರ್ವಜನಿಕ ದಾಖಲೆಯನ್ನು ಆಧರಿಸಿ ಬರೆದರೆ ಖಾಸಗಿತನದ ಆಕ್ಷೇಪ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ, ವಕೀಲರಿಗೆ ಅದನ್ನು ನೆನಪಿಸಿ.

ಎದುರಿನವರಿಗಿರುವ ಇನ್ನೊಂದು ದಾರಿ ಸಿಟಿ ಸಿವಿಲ್ ಕೋರ್ಟಿನ ಏಕಪಕ್ಷೀಯ ತಡೆಯಾಜ್ಞೆ. ಪ್ರಶ್ನೆಗಳನ್ನು ಕಳಿಸಿದ ಮೇಲೆ ಅಂಥ ಸೂಚನೆ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿಸಿ, 90 ದಿನ ಜಾರಿಯಲ್ಲಿರುತ್ತದೆ. ನಿಮಗೆ ತಿಳಿಸದೆ ಆದೇಶ ಹೊರಡುವುದು ಆಗ ಕಷ್ಟ.

ತಪ್ಪು ನಿಮ್ಮದೇ ಆಗಿದ್ದರೆ ಅದೇ ಪುಟದಲ್ಲಿ, ಸುದ್ದಿಯ ತಲೆಯಲ್ಲೇ, ಏನು ತಪ್ಪಾಗಿತ್ತು, ಸರಿ ಯಾವುದು, ಯಾವಾಗ ತಿದ್ದಿದ್ದು ಎಂದು ಬರೆಯಿರಿ. ಸದ್ದಿಲ್ಲದೆ ಅಂಕಿ ಬದಲಿಸಿದರೆ ಹಳೆಯ ಪುಟದ ಸ್ಕ್ರೀನ್‌ಶಾಟ್ ಯಾರದೋ ಫೋನಿನಲ್ಲಿ ಕಾದು ಕೂತಿರುತ್ತದೆ.

ಸುದ್ದಿ ಹಾಕಿದ ದಿನವೇ ಗುತ್ತಿಗೆ ಒಪ್ಪಂದ ತೆಗೆದು ದೋಷ ಹೊಣೆಗಾರಿಕೆ ಅವಧಿ, ಅಂದರೆ ಡಿಎಲ್‌ಪಿ, ಯಾವ ದಿನ ಮುಗಿಯುತ್ತದೆ ನೋಡಿ. ಆ ತಾರೀಖಿನವರೆಗೆ ರಸ್ತೆ ಕಿತ್ತರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಬೇಕು. ಡೈರಿಯಲ್ಲಿ ಅದಕ್ಕೆ ಎರಡು ತಿಂಗಳು ಮುಂಚಿನ ಪುಟದಲ್ಲಿ ಜಾಬ್ ನಂಬರ್ ಬರೆದು, ಟೇಪನ್ನು ಬ್ಯಾಗಿನಲ್ಲೇ ಬಿಡಿ.